ಗುಡ್ಡದಲ್ಲಿ ಹೊನ್ನೆ ಏಕೆ ಕರಗಿತು, ಸಾಗವಾನಿ ಏಕೆ ಹೆಚ್ಚಿತು?

ಪ್ರಶ್ನೆ: ನಮ್ಮ ಊರು ಖಾನಾಪುರ ತಾಲ್ಲೂಕಿನ ನಂದಗಡದಿಂದ ಕಿತ್ತೂರಿನ ಕಡೆಗೆ ಬರುವಾಗ ಸಿಗುತ್ತದೆ. ಊರ ಹಿಂದಿನ ಗುಡ್ಡದಲ್ಲಿ ಹೊನ್ನೆ, ಮತ್ತಿ, ನಂದಿ, ಸಾಗವಾನಿ ಎಲ್ಲವೂ ಬೆರೆತು ಇದ್ದವು ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಈಗ ಹೊನ್ನೆ ಎಂದು ತೋರಿಸಲು ಉಳಿದಿರುವುದು ನಾಲ್ಕೈದು ಮುದಿ ಮರಗಳು. ಸಾಗವಾನಿ ಮಾತ್ರ ಎಲ್ಲಿ ನೋಡಿದರೂ ಇದೆ. ಅರಣ್ಯದ ಪ್ರಮಾಣ ಹೆಚ್ಚಾಗಿದೆ ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತೇವೆ. ಹಾಗಾದರೆ ಹೊನ್ನೆ ನಮ್ಮ ಭಾಗದಿಂದ ಹಿಂದೆ ಸರಿಯುತ್ತಿದೆಯೇ? ಒಂದು ಮರದ ನೆಲೆ ಹೀಗೆ ಬದಲಾಗುವುದು ಹೇಗೆ? ಹವಾಮಾನ ಬದಲಾವಣೆಯೇ ಕಾರಣವೇ? ಹೊನ್ನೆ ಮತ್ತೆ ಬಂದೀತೇ?

ಉತ್ತರ: ನಿಮ್ಮ ಅಜ್ಜ ಹೇಳಿದ್ದನ್ನೂ ಪತ್ರಿಕೆಯಲ್ಲಿ ಬಂದದ್ದನ್ನೂ ಒಟ್ಟಿಗೇ ನಂಬಬಹುದು. ಮರವೊಂದು ಎಲ್ಲಿಂದ ಎಲ್ಲಿಯವರೆಗೆ ಬೆಳೆಯುತ್ತದೆ ಎಂಬುದು ಒಂದು ಲೆಕ್ಕ. ಆ ಹರವಿನೊಳಗೆ ಎಷ್ಟು ಮರಗಳಿವೆ ಎಂಬುದು ಬೇರೆ ಲೆಕ್ಕ. ಅವುಗಳಲ್ಲಿ ಎಳೆಯವು ಎಷ್ಟು ಎಂಬುದು ಇನ್ನೂ ಬೇರೆ. ಹರವು ಇದ್ದಷ್ಟೇ ಇದ್ದು ಸಂಖ್ಯೆ ಕುಸಿಯಬಹುದು. ಸಂಖ್ಯೆ ಏರುತ್ತಿರುವಾಗಲೇ ಸಹಜ ನೆಲೆ ಕುಗ್ಗಬಹುದು. ನಿಮ್ಮ ಗುಡ್ಡದ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಹೇಳುವುದು ಮೂರನೆಯ ಲೆಕ್ಕ. ಜನ ಸಾಮಾನ್ಯವಾಗಿ ಕೇಳದೆ ಬಿಡುವುದೂ ಅದನ್ನೇ.

ಮೊದಲು ಪತ್ರಿಕೆಯ ಸುದ್ದಿಯನ್ನು ಬಗೆಹರಿಸಿಬಿಡೋಣ. ಅದು ಬರುವುದು ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ ವರದಿಯಿಂದ. 1987ರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಹೊರಬರುತ್ತದೆ. ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ಕನಿಷ್ಠ ಶೇ 10ರಷ್ಟು ನೆಲದ ಮೇಲೆ ಮರಗಳ ನೆತ್ತಿ ಹರಡಿದ್ದರೆ ಅದನ್ನು ಅರಣ್ಯ ಹೊದಿಕೆ ಎಂದು ಎಣಿಸುತ್ತಾರೆ. ಜಾಗ ಯಾರದು, ಮರ ಯಾವುದು ಎಂದು ಆ ಲೆಕ್ಕ ಕೇಳುವುದಿಲ್ಲ. ದಟ್ಟಣೆಯ ಮೇಲೆ ಮೂರು ದರ್ಜೆ ಮಾಡುತ್ತದೆ, ಅಷ್ಟೆ. ಹೀಗಾಗಿ ಗೇರು ತೋಟ, ಅಕೇಶಿಯಾ ನೆಡುತೋಪು, ಭೀಮಗಡದ ನಿತ್ಯಹರಿದ್ವರ್ಣ ಕಾಡು ಮೂರೂ ಒಂದೇ ಖಾತೆಗೆ ಜಮೆಯಾಗುತ್ತವೆ. ಹೊನ್ನೆ ಹೆಚ್ಚಿತೋ ಕಡಿಮೆಯಾಯಿತೋ ಎಂಬುದಕ್ಕೆ ಆ ವರದಿಯಲ್ಲಿ ಉತ್ತರ ಹುಡುಕುವುದು ಗಾಣದಲ್ಲಿ ಹಾಲು ಹುಡುಕಿದಂತೆ.

ಸಾಗವಾನಿಯ ಕಥೆ ಇನ್ನೂ ವಿಚಿತ್ರ. ಅದು ತಾನಾಗಿ ಬೆಳೆಯುವ ನೆಲೆ ಭಾರತ, ಮ್ಯಾನ್ಮಾರ್, ಥಾಯ್ಲೆಂಡ್, ಲಾವೋಸ್ ಈ ನಾಲ್ಕೇ ದೇಶಗಳು. ನೆಟ್ಟು ಬೆಳೆಸಿದ್ದು ಮಾತ್ರ ಆಫ್ರಿಕಾದಿಂದ ಲ್ಯಾಟಿನ್ ಅಮೆರಿಕದವರೆಗೆ ಹತ್ತಾರು ದೇಶಗಳಲ್ಲಿ ಇದೆ. ಭೂಮಿಯ ಮೇಲಿರುವ ಸಾಗವಾನಿ ಮರಗಳ ಸಂಖ್ಯೆಯನ್ನಷ್ಟೇ ನೋಡಿದರೆ ಅದಕ್ಕೆ ಸುಭಿಕ್ಷ ಕಾಲ. ಆದರೆ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಸಾಗವಾನಿ ಈಗ ಅಳಿವಿನಂಚಿನ ಪ್ರಭೇದ. ಆ ಪಟ್ಟಿ ನೋಡುವುದು ನೆಟ್ಟ ಮರಗಳನ್ನಲ್ಲ, ತನ್ನ ನೆಲೆಯಲ್ಲಿ ತಾನೇ ಬೀಜ ಬಿದ್ದು ಬೆಳೆದವುಗಳನ್ನು. ಅದೇ ಪಟ್ಟಿಯಲ್ಲಿ ಹೊನ್ನೆ ಇರುವುದು ಅಪಾಯಕ್ಕೆ ಹತ್ತಿರವಾದ ಪ್ರಭೇದಗಳ ಸಾಲಿನಲ್ಲಿ, ಅಂದರೆ ಒಂದೆರಡು ಮೆಟ್ಟಿಲು ಕೆಳಗೆ. ನಿಮ್ಮ ಗುಡ್ಡದಲ್ಲಿ ನಿಂತು ನೋಡಿದರೆ ಇದು ತಲೆಕೆಳಗಾಗಿ ಕಾಣುತ್ತದೆ. ಜಗತ್ತಿನ ಮಟ್ಟದ ಚಿತ್ರವನ್ನು ಒಂದು ಊರಿನ ಗುಡ್ಡ ಒಪ್ಪಲೇಬೇಕೆಂಬ ನಿಯಮವೇನೂ ಇಲ್ಲ.

ಇನ್ನು ನೆಲೆಯ ವಿಚಾರ. ಮರದ ನೆಲೆ ಎಂದರೇನು ಎಂದು ಕಣ್ಣಾರೆ ನೋಡಲು ಬೆಳಗಾವಿ ಜಿಲ್ಲೆಗಿಂತ ಒಳ್ಳೆಯ ಜಾಗ ನನಗೆ ತಿಳಿದಂತೆ ನಾಡಿನಲ್ಲಿ ಕಡಿಮೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯ ಜೊತೆ ಪೂರ್ವಕ್ಕೆ ಹೊರಡಿ. ಕಣಕುಂಬಿಯಲ್ಲಿ ವರ್ಷದ ಮಳೆ 3,000 ಮಿಲಿಮೀಟರ್ ದಾಟುವುದು ಮಾಮೂಲು. ಅಲ್ಲಿಂದ ಸವದತ್ತಿಗೆ ನೇರ ಗೆರೆ ಎಳೆದರೆ ನೂರು ಕಿಲೋಮೀಟರ್ ಆಗುವುದಿಲ್ಲ. ಸವದತ್ತಿಯ ಮಳೆ ಸುಮಾರು 600 ಮಿಲಿಮೀಟರ್. ಘಟ್ಟದ ನೆತ್ತಿಯ ಕಾಡಿನಲ್ಲಿ ನೇರಳೆ ಜಾತಿಯ ಮರಗಳು, ಅಂಜನಿ, ಹೆಬ್ಬಲಸು. ಅಷ್ಟು ನೆರಳಿನಲ್ಲಿ ಸಾಗವಾನಿಯ ಸಸಿ ಬದುಕುವುದಿಲ್ಲ, ಅದಕ್ಕೆ ಬಿಸಿಲು ಬೇಕು. ಖಾನಾಪುರದ ಹತ್ತಿರ ಬಂದಂತೆ ಎಲೆ ಉದುರುವ ಕಾಡು ಶುರು: ಮತ್ತಿ, ಹುಣಾಲು, ನಂದಿ, ಜಂಬೆ, ಹೊನ್ನೆ, ಸಾಗವಾನಿ. ಎಂ.ಕೆ. ಹುಬ್ಬಳ್ಳಿ ದಾಟಿದರೆ ದಿಂಡಿಗ, ಕಗ್ಗಲಿ, ಮುತ್ತುಗ. ಮುನವಳ್ಳಿಯ ಎರೆ ಭೂಮಿಗೆ ಇಳಿದರೆ ಬೇವು, ಜಾಲಿ, ಬನ್ನಿ. ರಾಮದುರ್ಗ ಕಳೆದು ಬಾದಾಮಿಯ ಮರಳುಗಲ್ಲಿನ ಗುಡ್ಡಗಳಿಗೆ ಹೋದರೆ ಕುರುಚಲು. ಹೊಳೆಮತ್ತಿ ಒಂದೇ ಈ ಶಿಸ್ತಿಗೆ ಒಳಪಡದೆ ನದಿಯ ದಂಡೆಯನ್ನೇ ಹಿಡಿದು ಒಣ ನಾಡಿಗೂ ಬರುತ್ತದೆ. ಅದರ ಬೇರಿಗೆ ಮಳೆಯ ಹಂಗು ಕಡಿಮೆ.

ಈ ಪಟ್ಟಿಗಳ ನಡುವೆ ಯಾರೂ ಗಡಿಕಲ್ಲು ನೆಟ್ಟಿಲ್ಲ. ಮಳೆಯ ಜೊತೆಗೆ ಮಣ್ಣೂ ತನ್ನ ಮಾತು ಹೇಳುತ್ತದೆ. ಸಾಗವಾನಿಗೆ ನೀರು ಬಸಿದು ಹೋಗುವ, ಸುಣ್ಣದ ಅಂಶವಿರುವ ಮಣ್ಣು ಇಷ್ಟ. ಖಾನಾಪುರದ ಜಂಬಿಟ್ಟಿಗೆ ಕಲ್ಲಿನ ಮೇಲೆ ಅದು ಕುಂಟುತ್ತದೆ, ಅಲ್ಲಿ ಜಂಬೆಯ ಕೈ ಮೇಲು. ನೀರು ನಿಲ್ಲುವ ಎರೆಯಲ್ಲಿ ಎರಡಕ್ಕೂ ಜಾಗವಿಲ್ಲ. ಹೊನ್ನೆ ಸಾಕಷ್ಟು ಸಹಿಷ್ಣು: 750 ಮಿಲಿಮೀಟರ್ ಮಳೆ ಬೀಳುವ ದಖನ್ನಿನ ಒಣ ಕಾಡುಗಳಲ್ಲಿಯೂ ಅದು ಇದೆ. ಅಂದರೆ ನಿಮ್ಮ ಊರು ಹೊನ್ನೆಯ ನೆಲೆಯ ಅಂಚಿನಲ್ಲಿಲ್ಲ, ಸಾಕಷ್ಟು ಒಳಗೇ ಇದೆ. ಇದನ್ನು ನೆನಪಿನಲ್ಲಿಡಿ, ಹವಾಮಾನದ ಪ್ರಶ್ನೆಗೆ ಬಂದಾಗ ಬೇಕಾಗುತ್ತದೆ.

ಮರಗಳು ನಡೆಯುವುದಿಲ್ಲ, ಆದ್ದರಿಂದ ಅವುಗಳ ನೆಲೆ ಹಿಂದೆ ಸರಿಯುವುದು ನಮಗೆ ಕಾಣುವಂತೆ ನಡೆಯುವುದಿಲ್ಲ. ಬಲಿತ ಹೊನ್ನೆಯ ಬೇರು ಆಳಕ್ಕೆ ಇಳಿದಿರುತ್ತದೆ. ಎರಡು ಬರಗಾಲ ಬಂದರೂ ತಾಳಿಕೊಳ್ಳುತ್ತದೆ. ಅದೇ ಬರದಲ್ಲಿ ಒಂದು ವರ್ಷದ ಸಸಿ ಏಪ್ರಿಲ್ ಮುಗಿಯುವುದರೊಳಗೆ ಒಣಗುತ್ತದೆ. ಹೀಗೆ ಮೂವತ್ತು ನಲವತ್ತು ವರ್ಷ ಒಂದೇ ಸಮನೆ ಸಸಿಗಳು ಸಾಯುತ್ತಿದ್ದರೂ ದೂರದಿಂದ ನೋಡುವವರಿಗೆ ಹಳೆಯ ಮರಗಳು ನಿಂತೇ ಇರುತ್ತವೆ, ನಕ್ಷೆಯಲ್ಲಿ ಹೊನ್ನೆ ಇದೆ ಎಂದೇ ಗುರುತು ಇರುತ್ತದೆ. ಇದು ಹಿರಿಯರು ಮಾತ್ರ ಉಳಿದು ತೊಟ್ಟಿಲು ಕಟ್ಟದ ಊರಿನಂತೆ. ಜನಗಣತಿಯಲ್ಲಿ ಊರು ಇದೆ, ಶಾಲೆಯ ಹಾಜರಿಯಲ್ಲಿ ಇಲ್ಲ. ನೀವು ಹೇಳಿದ ನಾಲ್ಕೈದು ಮುದಿ ಮರಗಳು ನಿಮ್ಮ ಅಜ್ಜನ ಕಾಲದಲ್ಲೋ ಅದಕ್ಕೂ ಹಿಂದೆಯೋ ಸಸಿಗಳು ಬದುಕುತ್ತಿದ್ದವು ಎಂಬುದಕ್ಕೆ ಸಾಕ್ಷಿ. ಈಗಿನ ಸ್ಥಿತಿ ತಿಳಿಯಬೇಕಾದರೆ ಮೊಣಕಾಲಿನಿಂದ ಕೆಳಗೆ ನೋಡಬೇಕು.

ಈ ಮಾತಿಗೆ ಗಟ್ಟಿ ಆಧಾರ ಬೇಕೆಂದರೆ ತಮಿಳುನಾಡಿನ ನೀಲಗಿರಿ ಜಿಲ್ಲೆಯ ಮುದುಮಲೈ ಕಾಡಿಗೆ ಹೋಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಅಲ್ಲಿನ ಎಲೆ ಉದುರುವ ಕಾಡಿನಲ್ಲಿ 50 ಹೆಕ್ಟೇರ್ ಜಾಗ ಗುರುತಿಸಿ, ಕೇವಲ ಒಂದು ಸೆಂಟಿಮೀಟರ್ ದಪ್ಪದ ಕಾಂಡದಿಂದ ಹಿಡಿದು ಪ್ರತಿ ಮರಕ್ಕೂ ಸಂಖ್ಯೆಯ ತಗಡು ಕಟ್ಟಿ, ವರ್ಷ ವರ್ಷವೂ ಸತ್ತದ್ದೆಷ್ಟು, ಹೊಸದಾಗಿ ಬಂದದ್ದೆಷ್ಟು ಎಂದು ದಾಖಲಿಸುತ್ತ ಬಂದಿದ್ದಾರೆ. ಸಾಗವಾನಿ, ಮತ್ತಿ, ನಂದಿ, ದಿಂಡಿಗ ಅಲ್ಲಿಯೂ ಮುಖ್ಯ ಮರಗಳು. ದೊಡ್ಡ ಮರಗಳ ಸಂಖ್ಯೆ ಅಲ್ಲಿ ನಿಧಾನವಾಗಿ ಬದಲಾಗುತ್ತದೆ. ಏರುಪೇರೆಲ್ಲ ಸಣ್ಣ ಕಾಂಡಗಳಲ್ಲಿ. ಬೆಂಕಿ ಬಿದ್ದ ವರ್ಷ ಸಣ್ಣವು ಸಾವಿರಗಟ್ಟಲೆ ಸಾಯುತ್ತವೆ, ಬೆಂಕಿಯಿಲ್ಲದ ವರ್ಷಗಳು ಸಾಲಾಗಿ ಬಂದರೆ ಮತ್ತೆ ತುಂಬಿಕೊಳ್ಳುತ್ತವೆ. ಅಲ್ಲಿ ಬಹಳ ಸಾಮಾನ್ಯವಾಗಿದ್ದ ಬೆಂಡೆ ಜಾತಿಯ ಕಾಡುಮರವೊಂದು ಆನೆಗಳ ಬಾಯಿಗೆ ಬಿದ್ದು ಕೆಲವೇ ವರ್ಷಗಳಲ್ಲಿ ವಿರಳವಾಯಿತು. ಹವಾಮಾನ ಅದೇ, ಮಣ್ಣು ಅದೇ. ತಿನ್ನುವ ಬಾಯಿ ಆರಿಸಿದ ಮರ ಮಾತ್ರ ಇಳಿಯಿತು.

ನಿಮ್ಮ ಗುಡ್ಡದಲ್ಲಿ ಆ ಬಾಯಿ ಯಾವುದು ಎಂದು ಊಹಿಸುವುದು ಕಷ್ಟವಲ್ಲ. ಹೊನ್ನೆಯನ್ನೂ ಸಾಗವಾನಿಯನ್ನೂ ಪಕ್ಕದಲ್ಲಿಟ್ಟು ನೋಡೋಣ.

ಸಾಗವಾನಿ ಎಲೆಯನ್ನು ಕೈಯಲ್ಲಿ ಹಿಡಿದಿದ್ದೀರಿ: ದೊಡ್ಡದು, ಒರಟು, ಎಳೆಯದನ್ನು ಉಜ್ಜಿದರೆ ಅಂಗೈ ಕೆಂಪಾಗುತ್ತದೆ. ಹಸು, ಎಮ್ಮೆ, ಆಡು ಯಾವುದೂ ಅದಕ್ಕೆ ಬಾಯಿ ಹಾಕುವುದಿಲ್ಲ. ಅದರ ಕಾಯಿ ಉಬ್ಬಿದ ಕಾಗದದಂಥ ಹೊದಿಕೆಯೊಳಗೆ ಇರುವ, ಉಣ್ಣೆಯಂಥ ಸಿಪ್ಪೆ ಸುತ್ತಿದ ಗಟ್ಟಿ ಗೊರಟೆ. ಒಳಗೆ ನಾಲ್ಕು ಕೋಣೆ, ಬೀಜ ಇರುವುದು ಸಾಮಾನ್ಯವಾಗಿ ಒಂದೋ ಎರಡೋ. ಬೆಂಕಿ ಮೇಲೆ ಹಾದುಹೋದರೂ ಆ ಗೊರಟೆಗಳಲ್ಲಿ ಹಲವು ಉಳಿಯುತ್ತವೆ, ಮೊಳಕೆಗೆ ಅದರಿಂದ ಅನುಕೂಲವಾಗುವುದೂ ಉಂಟು. ನರ್ಸರಿಯವರು ರಾತ್ರಿ ನೆನೆಸಿ ಹಗಲು ಬಿಸಿಲಿಗೆ ಹಾಕುವ ಕೆಲಸವನ್ನು ದಿನಗಟ್ಟಲೆ ಮಾಡುವುದು ಈ ಗೊರಟೆಯ ಮೊಂಡುತನ ಮುರಿಯಲೆಂದೇ. ಮರ ಕಡಿದರೆ ಬೊಡ್ಡೆಯಿಂದ ಬರುವ ಚಿಗುರು ಒಂದೇ ಮಳೆಗಾಲದಲ್ಲಿ ಆಳೆತ್ತರ ದಾಟುತ್ತದೆ. ಜೂನ್, ಜುಲೈನಲ್ಲಿ ಹುಳ ಬಿದ್ದು ಇಡೀ ಮರದ ಎಲೆ ಜರಡಿಯಾದರೂ ಸಾಯದೆ ಮತ್ತೆ ಎಲೆ ಹೊರಡಿಸುತ್ತದೆ.

ಈಗ ಹೊನ್ನೆ. ಎಲೆ ಮೃದು, ತುದಿಯಲ್ಲಿ ಸಣ್ಣ ಕಚ್ಚು, ಒಂದು ಕಡ್ಡಿಗೆ ಐದರಿಂದ ಏಳು ಎಲೆ. ದನಗಳಿಗೆ ಅದು ಹಬ್ಬದೂಟ. ಬೇಸಿಗೆಯಲ್ಲಿ ಮೇವಿಲ್ಲದಾಗ ಜನ ಮರ ಹತ್ತಿ ಸೊಪ್ಪು ಸವರುತ್ತಾರೆ. ವರ್ಷ ವರ್ಷವೂ ಸವರಿಸಿಕೊಂಡ ಮರ ಎಲೆ ಕಟ್ಟಿಕೊಳ್ಳುವುದರಲ್ಲೇ ಶಕ್ತಿ ಕಳೆದು ಹೂವನ್ನು ಕಡಿಮೆ ಮಾಡುತ್ತದೆ, ಹೂವಿಲ್ಲದಿದ್ದರೆ ಕಾಯಿಯಿಲ್ಲ. ಬಂದ ಕಾಯಿಯೂ ಚಪ್ಪಟೆಯಾಗಿ, ದುಂಡಗೆ, ಸುತ್ತ ತೆಳುವಾದ ರೆಕ್ಕೆಯಿರುವ ಒಣ ಬಿಲ್ಲೆ. ಅದು ಬಲಿತು ಉದುರುವುದು ಚಳಿಗಾಲ ಮುಗಿಯುವ ಹೊತ್ತಿಗೆ, ಅಂದರೆ ತರಗೆಲೆಗೆ ಬೆಂಕಿ ಬೀಳುವ ಕಾಲಕ್ಕೆ ಸರಿಯಾಗಿ. ಅದನ್ನೂ ದಾಟಿ ಮೊಳೆತ ಸಸಿಯನ್ನು ಮಳೆಗಾಲದ ಹುಲ್ಲಿನ ಜೊತೆಗೆ ದನ ಮೇಯುತ್ತದೆ. ಕಡಿದರೆ ಹೊನ್ನೆಯೂ ಚಿಗುರುತ್ತದೆ. ಆ ಚಿಗುರೂ ದನದ ಪಾಲು. ಮೇಲಾಗಿ ತೊಗಟೆಗೆ ಕಚ್ಚು ಹಾಕಿ ಕೆಂಪು ಅಂಟು ತೆಗೆಯುವವರು, ಸಕ್ಕರೆ ಕಾಯಿಲೆಗೆಂದು ತಿರುಳನ್ನು ಕೊರೆದು ಲೋಟ ಮಾಡಿ ಮಾರುವವರು. ಮರವನ್ನೇ ಔಷಧಿಯೆಂದು ನಂಬಿದ ಊರುಗಳಲ್ಲಿ ಆ ಮರ ಉಳಿದಿರುವುದನ್ನು ನಾನು ಕಂಡದ್ದು ಕಡಿಮೆ.

ಹೀಗೆ ಮೇಯುವ, ಸುಡುವ, ಕಡಿಯುವ ಗುಡ್ಡವೊಂದರಲ್ಲಿ ಈ ಎರಡು ಮರಗಳನ್ನು ಐವತ್ತು ವರ್ಷ ಬಿಟ್ಟರೆ ಯಾರೂ ಒಂದು ಸಾಗವಾನಿಯನ್ನೂ ನೆಡದಿದ್ದರೂ ಸಾಗವಾನಿಯ ಪಾಲು ಏರುತ್ತದೆ. ಮತ್ತಿಯ ಸ್ಥಿತಿ ಇವೆರಡರ ನಡುವೆ: ಸೊಪ್ಪಿಗಾಗಿ ಅದನ್ನೂ ಸವರುತ್ತಾರೆ, ಆದರೆ ಮೊಸಳೆಯ ಮೈಯಂಥ ಅದರ ತೊಗಟೆ ಬೆಂಕಿಯನ್ನು ತಡೆಯುತ್ತದೆ.

ನೆಟ್ಟದ್ದೂ ಉಂಟಲ್ಲ, ಅದಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷರಿಗೆ ಕಾಡು ಎಂದರೆ ಹೆಚ್ಚುಕಡಿಮೆ ಸಾಗವಾನಿಯೇ. ಮುಂಬೈಯ ಹಡಗುಕಟ್ಟೆಗಳಿಗೆ ಅದೇ ಬೇಕಿತ್ತು. ಮಲಬಾರಿನ ಸಾಗವಾನಿಯಿಂದ 1817ರಲ್ಲಿ ಅಲ್ಲಿ ಕಟ್ಟಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಬಂದರಿನಲ್ಲಿ ತೇಲುತ್ತಿದೆ ಎಂದರೆ ಮರದ ಯೋಗ್ಯತೆ ಎಂಥದ್ದೆಂದು ತಿಳಿಯುತ್ತದೆ. ಮಲಬಾರಿನಲ್ಲಿ ಮರ ಮುಗಿಯುತ್ತ ಬಂದಾಗ 1840ರ ದಶಕದಲ್ಲಿ ನಿಲಂಬೂರಿನಲ್ಲಿ ನೆಡುವುದು ಶುರುವಾಯಿತು. ಬೆಳಗಾವಿ ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು; ಆ ಪ್ರಾಂತ್ಯಕ್ಕೆ 1847ರಲ್ಲಿ ಅಲೆಕ್ಸಾಂಡರ್ ಗಿಬ್ಸನ್ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದರು. ಮುಂದೆ 1880ರ ದಶಕದಲ್ಲಿ ಬೆಳಗಾವಿ, ಲೋಂಡಾ ಮೂಲಕ ಗೋವೆಯ ಕಡೆಗೆ ರೈಲು ಬಂತು. ರೈಲೆಂದರೆ ಹಳಿಯ ಕೆಳಗಿನ ಅಡ್ಡಪಟ್ಟಿಗಳು, ಎಂಜಿನ್ನಿನ ಸೌದೆ, ಹೊರಗಿನ ಮಾರುಕಟ್ಟೆ, ಮೂರೂ ಒಟ್ಟಿಗೆ. ಕಾಡಿನ ಒಳಗಿದ್ದ ಮರಕ್ಕೆ ದಾರಿ ಸಿಕ್ಕಿತು. ಇಪ್ಪತ್ತನೆಯ ಶತಮಾನದಲ್ಲಿ ಮಿಶ್ರ ಕಾಡನ್ನು ಬೋಳಿಸಿ ಸಾಗವಾನಿ ಸಾಲು ನೆಡುವ ಪದ್ಧತಿ ಬಲವಾಯಿತು. ಅಂಥ ತೋಪಿನಲ್ಲಿ ಸಾಗವಾನಿಯಲ್ಲದ್ದೆಲ್ಲ ಕಳೆಯೇ. ಶುಚಿಗೊಳಿಸುವ ಕೂಲಿಯ ಕತ್ತಿಗೆ ಹೊನ್ನೆಯ ಸಸಿಯೂ ಲಂಟಾನವೂ ಒಂದೇ. ಇಲಾಖೆಯನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಆಗಿನ ಲೆಕ್ಕಾಚಾರದಲ್ಲಿ ಅದು ಜಾಣತನವೇ ಆಗಿತ್ತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ, 1988ರ ಅರಣ್ಯ ನೀತಿಗಳ ನಂತರ ಆ ದಾರಿ ಮುಚ್ಚುತ್ತ ಬಂತು. ನೆಟ್ಟ ಸಾಲುಗಳು ಮಾತ್ರ ಉಳಿದಿವೆ. ನಿಮ್ಮ ಗುಡ್ಡದ ಸಾಗವಾನಿ ನೆಟ್ಟದ್ದೋ ತಾನಾಗಿ ಬಂದದ್ದೋ ಎಂದು ತಿಳಿಯಲು ಕಣ್ಣು ಸಾಕು: ಮರಗಳ ನಡುವಿನ ಅಂತರ ಒಂದೇ ಅಳತೆಯಲ್ಲಿದ್ದು, ದಪ್ಪವೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಅದು ನೆಟ್ಟದ್ದು.

ಅಜ್ಜನ ಮಾತನ್ನು ಪರೀಕ್ಷಿಸಲು ಒಂದು ಒಳ್ಳೆಯ ದಾಖಲೆ ನಿಮ್ಮ ಮನೆಯಲ್ಲೇ ಇರಬಹುದು. ಹಳೆಯ ಮನೆಯಿದ್ದರೆ ಅದರ ಕಂಬ, ತೊಲೆ, ಬಾಗಿಲ ಚೌಕಟ್ಟುಗಳನ್ನು ನೋಡಿ. ಬಡ ರೈತ ಮರವನ್ನು ದೂರದಿಂದ ತರಿಸುತ್ತಿರಲಿಲ್ಲ. ಸುತ್ತಲಿನ ಕಾಡಿನಲ್ಲಿ ಏನಿತ್ತೋ ಅದೇ ಮನೆಯ ಮೇಲೇರುತ್ತಿತ್ತು. ಹೊನ್ನೆಯೋ ಅಲ್ಲವೋ ಎಂದು ಸಂಶಯ ಬಂದರೆ ತಿರುಳಿನ ಒಂದು ಚಕ್ಕೆಯನ್ನು ಗಾಜಿನ ಲೋಟದ ನೀರಿನಲ್ಲಿ ಒಂದೆರಡು ಗಂಟೆ ಬಿಟ್ಟು ಬಿಸಿಲಿಗೆ ಹಿಡಿಯಿರಿ. ಹೊನ್ನೆಯಾದರೆ ಹಳದಿ ಕಂದು ನೀರಿನ ಅಂಚಿನಲ್ಲಿ ನೀಲಿ ಹೊಳಪು ಮೂಡುತ್ತದೆ. ಲೋಟದ ಹಿಂದೆ ಕಪ್ಪು ಬಟ್ಟೆ ಹಿಡಿದರೆ ಇನ್ನೂ ಸ್ಪಷ್ಟ. ಊರಿನ ಹತ್ತಾರು ಹಳೆ ಮನೆಗಳ ಕಂಬಗಳನ್ನು ಹೀಗೆ ಗುರುತಿಸಿ, ಮನೆ ಕಟ್ಟಿದ ಕಾಲವನ್ನು ಹಿರಿಯರಿಂದ ಕೇಳಿ ಬರೆದರೆ ಯಾವ ತಲೆಮಾರಿನಲ್ಲಿ ಹೊನ್ನೆ ಸಿಗುವುದು ಕಡಿಮೆಯಾಯಿತೆಂದು ಅಂದಾಜು ಸಿಗುತ್ತದೆ. ಹಳೆಯ ಬಂಡಿಯ ಅಚ್ಚು ಸಿಕ್ಕರೆ ಅದು ದಿಂಡಿಗವೇ ಎಂದು ನೋಡಿ, ಈ ಕಡೆ ಅಚ್ಚಿಗೆ ಅದೇ ಹೆಸರಾದ ಮರ. ಅರಣ್ಯ ಇಲಾಖೆಯ ಹಳೆಯ ಕಾರ್ಯಯೋಜನೆಗಳಲ್ಲಿ ಜಾತಿವಾರು ಮರಗಳ ಎಣಿಕೆ ಇರುವುದುಂಟು. ವಿಭಾಗದ ಕಚೇರಿಯಲ್ಲಿ ಕೇಳಿ ನೋಡಬಹುದು.

ಒಂದು ಎಚ್ಚರಿಕೆ: ಅಜ್ಜ ಕಂಡ ಕಾಡನ್ನೇ ಆದಿಕಾಲದ ಕಾಡು ಎಂದುಕೊಳ್ಳಬೇಡಿ. ಅವರು ಹುಟ್ಟುವ ಮೊದಲೇ ರೈಲು ಬಂದಾಗಿತ್ತು, 1876–78ರ ಭೀಕರ ಬರ ಈ ಸೀಮೆಯನ್ನೆಲ್ಲ ಹಿಂಡಿತ್ತು. ಇನ್ನೂ ಹಿಂದಕ್ಕೆ ಹೋದರೆ ಕಾಡಿನ ಗಡಿಯೇ ಬೇರೆ ಇತ್ತು. ಕಾರವಾರದ ಸಮುದ್ರದ ತಳದಿಂದ ತೆಗೆದ ಕೆಸರಿನಲ್ಲಿ ಹುದುಗಿದ್ದ ಪರಾಗವನ್ನು ಪರೀಕ್ಷಿಸಿದಾಗ ಸುಮಾರು 3,500 ವರ್ಷಗಳ ಹಿಂದಿನಿಂದ ಹಸಿ ಕಾಡಿನ ಮರಗಳ ಪರಾಗ ಕಡಿಮೆಯಾಗಿ, ಹುಲ್ಲು ಮತ್ತು ಒಣ ಕಾಡಿನ ಗಿಡಗಳದು ಹೆಚ್ಚಿದ್ದು ಕಂಡಿತು. ಕಾಳಿ ನದಿ ಘಟ್ಟದ ಕಾಡಿನಿಂದ ಹೊತ್ತು ತಂದು ಸುರಿದ ಕೆಸರು ಅದು. ಮಳೆ ಇಳಿದರೆ ಮಲಪ್ರಭೆಯ ದಾರಿಯಲ್ಲಿ ನಾವು ಕಂಡ ಪಟ್ಟಿಗಳೆಲ್ಲ ಪಶ್ಚಿಮಕ್ಕೆ ಜರುಗುತ್ತವೆ, ಏರಿದರೆ ಪೂರ್ವಕ್ಕೆ. ಆದರೆ ಆ ಜರುಗುವಿಕೆಗೆ ಸಾವಿರಾರು ವರ್ಷಗಳ ಸಮಯವಿತ್ತು, ನಡುವೆ ಕಬ್ಬಿನ ಗದ್ದೆಯೋ ಹೆದ್ದಾರಿಯೋ ಇರಲಿಲ್ಲ.

ನೆಲೆ ಎಷ್ಟು ಬೇಗ ಹಿಗ್ಗಬಲ್ಲದು ಎಂಬುದಕ್ಕೆ ಒಂದು ಸಾದಾ ಲೆಕ್ಕ ಹಾಕಿ. ಹೊನ್ನೆಯ ಬಿಲ್ಲೆ ಗಾಳಿಗೆ ನೂರು ಮೀಟರ್ ಹಾರಿತು, ಅಲ್ಲಿ ಹುಟ್ಟಿದ ಗಿಡ ಇಪ್ಪತ್ತು ವರ್ಷಕ್ಕೆ ತಾನೂ ಬೀಜ ಬಿಟ್ಟಿತು ಎಂದಿಟ್ಟುಕೊಂಡರೆ ವರ್ಷಕ್ಕೆ ಐದು ಮೀಟರ್ ಆಯಿತು, ಒಂದು ಕಿಲೋಮೀಟರಿಗೆ 200 ವರ್ಷ. ಇದರ ಎದುರು ಬಳ್ಳಾರಿ ಜಾಲಿಯನ್ನು ನಿಲ್ಲಿಸಿ. ಅಮೆರಿಕ ಖಂಡದ ಈ ಗಿಡ 1870ರ ದಶಕದಲ್ಲಿ ಭಾರತಕ್ಕೆ ಬಂತು. ಇಂದು ವಿಜಯಪುರ, ಬಾಗಲಕೋಟೆಯ ಹಳ್ಳದ ದಂಡೆ, ಕೆರೆಯಂಗಳ, ಪಾಳುಬಿದ್ದ ಹೊಲ ಎಲ್ಲೆಡೆ ಅದೇ. ಸಿಹಿ ಕಾಯಿಯನ್ನು ದನ, ಕುರಿ, ಆಡು ತಿಂದು ಮೈಲಿಗಟ್ಟಲೆ ನಡೆದು ಬೀಜವನ್ನು ಗೊಬ್ಬರದ ಸಮೇತ ಬಿತ್ತುತ್ತವೆ. ಎಲೆಯನ್ನು ಮಾತ್ರ ಅವು ಮುಟ್ಟುವುದು ಕಡಿಮೆ. ಹೊನ್ನೆಯ ಪಾಲಿಗೆ ಶತ್ರುವಾದ ಅದೇ ಬಾಯಿ ಜಾಲಿಗೆ ಬಿತ್ತನೆಯ ಕೂರಿಗೆಯಾಗಿದೆ.

ಹವಾಮಾನ ಬದಲಾವಣೆ ಕಾರಣವೇ ಎಂದು ಕೇಳಿದ್ದೀರಿ. ಇತ್ತೀಚೆಗೆ ಕಾಡಿನ ಯಾವ ಕೇಡಿಗೂ ಅದರ ಹೆಸರು ಹೇಳಿ ಕೈತೊಳೆದುಕೊಳ್ಳುವುದು ರೂಢಿಯಾಗಿದೆ. ಬಿಸಿ ಹೆಚ್ಚುತ್ತಿರುವುದೂ ಮಳೆಯ ಹಂಚಿಕೆ ಕೆಡುತ್ತಿರುವುದೂ ನಿಜ, ಸಸಿಗಳಿಗೆ ಅದರ ಪೆಟ್ಟು ಬೀಳುವುದೂ ನಿಜ. ಆದರೆ ನಿಮ್ಮ ಗುಡ್ಡದ ವಿಷಯದಲ್ಲಿ ಅದನ್ನು ಮೊದಲ ಆರೋಪಿ ಮಾಡಲು ನಾನು ಸಿದ್ಧನಿಲ್ಲ. ನಿಮಗಿಂತ ಕಡಿಮೆ ಮಳೆಯ ಕಡೆ ಹೊನ್ನೆ ಬದುಕಿದೆ ಎಂಬುದು ಒಂದು ಕಾರಣ. ಒಣಗುವಿಕೆಯೇ ಕೊಲ್ಲುತ್ತಿದ್ದರೆ ಹೆಚ್ಚು ತೇವ ಬೇಡುವ ನಂದಿ, ಹುಣಾಲುಗಳು ಹೊನ್ನೆಗಿಂತ ಮೊದಲೇ ಸೋಲಬೇಕಿತ್ತು, ದಿಂಡಿಗ ಪಶ್ಚಿಮದ ಕಡೆ ಹೆಚ್ಚಬೇಕಿತ್ತು. ಇದನ್ನು ನೀವೇ ಪರೀಕ್ಷಿಸಬಹುದು. ಊರಿನ ಸುತ್ತ ದನ ಹೋಗದ, ಬೆಂಕಿ ಬೀಳದ ಜಾಗ ಒಂದಾದರೂ ಇರುತ್ತದೆ: ದೇವರಕಾಡು, ಇಲಾಖೆ ಕಂದಕ ತೋಡಿದ ತಾಕು, ಗೋಡೆಯಿರುವ ಸ್ಮಶಾನ. ಹತ್ತಿರದಲ್ಲಿ ಬೀಜ ಬಿಡುವ ಹೊನ್ನೆ ಇದ್ದು, ಅಂಥ ಜಾಗದಲ್ಲಿ ಸಸಿಗಳು ಸಿಕ್ಕು ಹೊರಗೆ ಸಿಗದಿದ್ದರೆ ಅಪರಾಧಿ ಮೇವು ಮತ್ತು ಬೆಂಕಿ. ಒಳಗೂ ಸಿಗದಿದ್ದರೆ ಆಗ ಮಳೆಯ ದಾಖಲೆ ತೆಗೆಯೋಣ.

ಎಣಿಸುವುದು ಹೇಗೆ ಎಂದು ಹೇಳದಿದ್ದರೆ ಇದೆಲ್ಲ ಬಾಯಿಮಾತಾಗುತ್ತದೆ. ಮಳೆ ನಿಂತ ಮೇಲೆ, ನವೆಂಬರಿನಲ್ಲಿ ಹೋಗಿ. ಎಲೆ ಇರುತ್ತದೆ, ಹುಲ್ಲು ಬಾಗಿರುತ್ತದೆ, ಗುರುತು ಹಿಡಿಯುವುದು ಸುಲಭ. ಗುಡ್ಡದ ಬುಡದಿಂದ ನೆತ್ತಿಯವರೆಗೆ ಒಂದು ನೇರ ದಾರಿ ಗೊತ್ತುಮಾಡಿಕೊಂಡು, ಪ್ರತಿ ನೂರು ಹೆಜ್ಜೆಗೆ ನಿಂತು, ಹಗ್ಗದಿಂದ 20 ಮೀಟರ್ ಉದ್ದಗಲದ ಚೌಕ ಹಾಕಿ. ಮರ ಚೆನ್ನಾಗಿರುವ ಕಡೆ ಚೌಕ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ನೂರು ಹೆಜ್ಜೆ ಎಂದರೆ ನೂರೇ, ಬಂಡೆಯ ಮೇಲೆ ಬಿದ್ದರೂ ಅಲ್ಲೇ. ಚೌಕದೊಳಗೆ ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ, 30 ಸೆಂಟಿಮೀಟರಿಗಿಂತ ಹೆಚ್ಚು ಸುತ್ತಳತೆಯ ಪ್ರತಿ ಮರದ ಹೆಸರು, ಸುತ್ತಳತೆ ಬರೆಯಿರಿ. 10ರಿಂದ 30ರವರೆಗಿನ ಎಳೆಯವನ್ನು ಬೇರೆ ಎಣಿಸಿ. ಚೌಕದ ಒಂದು ಮೂಲೆಯಲ್ಲಿ ಎರಡು ಮೀಟರಿನ ಸಣ್ಣ ಚೌಕ ಮಾಡಿ, ಮಂಡಿಯೂರಿ ಕುಳಿತು ಸಸಿಗಳನ್ನು ಎಣಿಸಿ. ಕಡಿದ ಬೊಡ್ಡೆಯಿಂದ ಬಂದ ಚಿಗುರನ್ನೂ ಬೀಜದಿಂದ ಬಂದ ಸಸಿಯನ್ನೂ ಒಂದೇ ಅಂಕಣದಲ್ಲಿ ಬರೆಯಬೇಡಿ. ಮೊದಲನೆಯದು ಹಳೆಯ ಮರವೇ, ಹೊಸ ಜೀವವಲ್ಲ. ಮೊಬೈಲಿನಲ್ಲಿ ಜಾಗದ ಅಕ್ಷಾಂಶ, ರೇಖಾಂಶ ಉಳಿಸಿಕೊಳ್ಳಿ, ಐದು ವರ್ಷದ ನಂತರ ಅದೇ ಚೌಕಕ್ಕೆ ಹಿಂದಿರುಗಬೇಕು.

ಆರೋಗ್ಯವಾಗಿರುವ ಜಾತಿಯಲ್ಲಿ ಸಸಿಗಳು ಬಹಳ, ಎಳೆ ಮರಗಳು ಅದಕ್ಕಿಂತ ಕಡಿಮೆ, ದೊಡ್ಡವು ಕೆಲವೇ. ಹೊನ್ನೆಯ ಅಂಕಣದಲ್ಲಿ ದೊಡ್ಡವು ಕೆಲವಿದ್ದು ಕೆಳಗಿನದು ಖಾಲಿಯಿದ್ದರೆ ನಿಮ್ಮ ಅನುಮಾನ ಸರಿ. ಸಸಿಗಳು ಬೇಕಾದಷ್ಟಿದ್ದು ನಡುವಿನ ಎಳೆ ಮರಗಳೇ ಇಲ್ಲದಿದ್ದರೆ ಬೀಜದ ಕೊರತೆ ಇಲ್ಲ, ಬೆಳೆಯಲು ಬಿಡುವವರ ಕೊರತೆ ಇದೆ. ಇಲ್ಲಿ ಒಂದು ಮೋಸ ಹೋಗುವ ಜಾಗವಿದೆ. ಹೊನ್ನೆ, ಸಾಗವಾನಿ ಎರಡರ ಸಸಿಗಳೂ ಮೊದಲ ಕೆಲವು ಬೇಸಿಗೆಗಳಲ್ಲಿ ನೆಲಮಟ್ಟದವರೆಗೆ ಒಣಗಿ, ಮಳೆ ಬಂದಾಗ ಬೇರಿನಿಂದ ಮತ್ತೆ ಹೊರಡುತ್ತವೆ. ಗೇಣುದ್ದದ ಸಸಿ ಕಂಡರೆ ಈ ವರ್ಷದ್ದೇ ಎಂದುಕೊಳ್ಳಬೇಡಿ. ಬುಡದ ಮಣ್ಣನ್ನು ಬೆರಳಿನಿಂದ ಸರಿಸಿ ನೋಡಿ: ಮೇಲೆ ಕಡ್ಡಿಯಷ್ಟು ಕಾಂಡ, ಕೆಳಗೆ ಹೆಬ್ಬೆರಳು ದಪ್ಪದ ಬೇರು ಇದ್ದರೆ ಅದು ವರ್ಷಗಳಿಂದ ಅಲ್ಲೇ ಕಾಯುತ್ತಿರುವ ಗಿಡ.

ಅಂಥ ಬೇರುಗಳು ಸಿಕ್ಕರೆ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಹೌದು, ಬರುತ್ತದೆ, ನೆಡುವ ಖರ್ಚೂ ಬೇಡ. ಗುಡ್ಡದ ಒಂದು ಮಗ್ಗುಲನ್ನು ನಾಲ್ಕೈದು ವರ್ಷ ದನ ಬಿಡದೆ, ಜನವರಿಯಲ್ಲೇ ಬೆಂಕಿ ಗೆರೆ (ಬೆಂಕಿ ದಾಟದಂತೆ ಹುಲ್ಲು, ತರಗೆಲೆ ತೆಗೆದ ಪಟ್ಟಿ) ಕಡಿದು ಕಾಪಾಡಿದರೆ ಅವು ಎದ್ದುಬಿಡುತ್ತವೆ. ದನದ ಬಾಯಿಗೆ ಎಟುಕದ ಎತ್ತರ ಮುಟ್ಟಿದ ಮೇಲೆ ಆ ಮಗ್ಗುಲನ್ನು ಬಿಟ್ಟು ಇನ್ನೊಂದಕ್ಕೆ ಬೇಲಿ ಸರಿಸಬಹುದು. ಇಡೀ ಗುಡ್ಡವನ್ನು ಒಮ್ಮೆಲೇ ಮುಚ್ಚಿದರೆ ಮೇವಿಲ್ಲದವರು ರಾತ್ರಿ ಬೇಲಿ ಕಿತ್ತುಹಾಕುತ್ತಾರೆ, ಅವರನ್ನು ದೂರಿ ಪ್ರಯೋಜನವಿಲ್ಲ. ಬೇರು ಸಿಗದಿದ್ದರೆ ಆ ನಾಲ್ಕೈದು ಮುದಿ ಮರಗಳಲ್ಲಿ ಎರಡನ್ನಾದರೂ ಸವರದೆ ಬಿಡಿಸಿ. ಅವು ಕಾಯಿ ಕಟ್ಟಿದ ವರ್ಷ ಬಿಲ್ಲೆಗಳು ಉದುರಿ ಬೆಂಕಿಗೆ ಸಿಗುವ ಮೊದಲೇ ಆರಿಸಿ, ಸುತ್ತಲಿನ ರೆಕ್ಕೆ ಕತ್ತರಿಸಿ, ಒಂದು ರಾತ್ರಿ ನೆನೆಸಿ ಚೀಲಗಳಲ್ಲಿ ಹಾಕಿ. ಬಹಳಷ್ಟು ಮೊಳೆಯುವುದಿಲ್ಲ, ಆದ್ದರಿಂದ ಬೇಕಾದ್ದಕ್ಕಿಂತ ಹೆಚ್ಚು ಹಾಕಿ. ದೂರದ ನರ್ಸರಿಯ ಸಸಿಗಿಂತ ನಿಮ್ಮ ಗುಡ್ಡದ ಬೀಜವೇ ಮೇಲು. ನಿಮ್ಮ ಬೇಸಿಗೆಯನ್ನು ಅದರ ತಾಯಿಮರ ಕಂಡಿದೆ. ಸಸಿಯನ್ನು ಸಾಗವಾನಿ ತೋಪಿನ ಒಳಗೆ ನೆಡಬೇಡಿ, ಮರ ಬಿದ್ದು ಬೆಳಕು ಇಳಿಯುವ ತೆರಪುಗಳಲ್ಲಿ ನೆಡಿ.

ಗುಡ್ಡ ಮೀಸಲು ಅರಣ್ಯವಾಗಿದ್ದರೆ ಹಗ್ಗ ಹಿಡಿದು ಒಳಹೋಗುವ ಮೊದಲೇ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಒಂದು ಅರ್ಜಿ ಕೊಡಿ, ಊರಿನಲ್ಲಿ ಗ್ರಾಮ ಅರಣ್ಯ ಸಮಿತಿ ಇದ್ದರೆ ಅದರ ಹೆಸರಿನಲ್ಲೇ ಕೊಡಿ. ಬೇಲಿಗೂ ಬೆಂಕಿ ಗೆರೆಗೂ ಹಣ ಬರುವ ದಾರಿ ಅದೇ. ನವೆಂಬರಿನ ಎಣಿಕೆ ಮುಗಿದ ಮೇಲೆ ಅಂಕಣಗಳನ್ನು ನನಗೆ ಕಳುಹಿಸಿದರೆ ಯಾವ ಮಗ್ಗುಲನ್ನು ಮೊದಲು ಮುಚ್ಚಬೇಕೆಂದು ಹೇಳುತ್ತೇನೆ.